ವಾಲ್ಕರ್ ಅಜ್ಜನ ತೊಟ್ಟಿಯಲ್ಲಿ ಒಂದು ದಿನ

ಜರ್ಮನಿಗೆ ಹೋಗಿಬಂದ ಮೇಲೆ ಮಧುಗಿರಿಯಲ್ಲಿ ಎದುರು ಸಿಕ್ಕವರೆಲ್ಲ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ಏನು ತಿಂದೆ? ಅಲ್ಲಿ ಯಾರನ್ನು ಅಣಕಿಸಿದೆ? ಮೊದಲನೆಯದಕ್ಕೆ ಉತ್ತರ ಒಂದೇ ಮಾತು, ಆಲೂಗಡ್ಡೆ. ಎರಡನೆಯದಕ್ಕೆ ಉತ್ತರ ಉದ್ದ. ಜಗಲಿ ಜಗಲಿಯಲ್ಲಿ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದೇ ಬಿಡುತ್ತಿದ್ದೇನೆ.

ಅಣಕಿಸುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಅಮಲ್ದಾರರು ಹುಕುಂ ಕೊಡುವ ಮೊದಲು ಮೂರು ಸಲ ಕೆಮ್ಮುವುದು, ಸಿರಾದ ಅತ್ತರು ಸಾಬರು ಬಿರಡೆ ಬಿಚ್ಚಿ ತಮ್ಮ ಮೂಗನ್ನೇ ಮೊದಲು ಹಿಡಿದು "ವಾಹ್ ವಾಹ್" ಎನ್ನುವುದು, ಪಾವಗಡದ ಗಾಡಿಯವನು ಎತ್ತಿಗೆ ತೆಲುಗಿನಲ್ಲಿ ಬೈದು ಜನಕ್ಕೆ ಕನ್ನಡದಲ್ಲಿ ಬೈಯುವುದು, ಎಲ್ಲ ಬರುತ್ತದೆ. ನನ್ನನ್ನೂ ಬಿಟ್ಟಿಲ್ಲ. ಅಪ್ಪ ಕೂಗಿದಾಗ ನಾನು ಓಡಿಬರುವ ರೀತಿಯನ್ನು ನಾನೇ ಮಾಡಿ ತೋರಿಸಿದರೆ ಅವ್ವ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾಳೆ. ಅಪ್ಪ ಮಾತ್ರ ನಗುವುದಿಲ್ಲ. "ಇವನ ಹೊಟ್ಟೇಲಿ ಊರೆಲ್ಲಾ ಐತೆ, ಇವನೊಬ್ಬ ಇಲ್ಲ" ಎನ್ನುತ್ತಾನೆ.

ಮಧುಗಿರಿ

ನಮ್ಮದು ಕಂಬಳಿ ಅಂಗಡಿ. ಸಿರಾ ಕಡೆಯ ಹಳ್ಳಿಗಳಿಂದ ಕುರುಬರು ನೇಯ್ದು ತಂದ ಕಂಬಳಿಯನ್ನು ಕೊಳ್ಳುವುದು, ಕೊರಟಗೆರೆ ಸಂತೆಗೆ ಕಳಿಸುವುದು, ಮಿಕ್ಕಿದ್ದರ ಮೇಲೆ ನಾನು ಮಧ್ಯಾಹ್ನ ಮಲಗುವುದು. ಉಣ್ಣೆಯ ಕೆಲಸ ಕಲಿಯಲು ಸರ್ಕಾರ ಒಬ್ಬ ಹುಡುಗನನ್ನು ಜರ್ಮನಿಗೆ ಕಳಿಸುತ್ತದೆಂದು ಸುದ್ದಿ ಬಂದಾಗ ಅರ್ಜಿ ಗುಜರಾಯಿಸಿದೆ. ಬೆಂಗಳೂರಿನಲ್ಲಿ ದೊಡ್ಡವರು ಸಾಲಾಗಿ ಕೂತು ಕೇಳಿದರು, "ಉಣ್ಣೆಯ ಬಗ್ಗೆ ನಿನಗೇನು ಗೊತ್ತು?" "ಹುಟ್ಟಿದ್ದೇ ಕಂಬಳಿಯ ಮೇಲೆ ಸ್ವಾಮಿ" ಎಂದೆ. ಮಾತು ನಿಜ. ಆದರೆ ಆ ಕಂಬಳಿ ಹೇಗಾಯಿತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಷರತ್ತು ಒಂದೇ. ಅಲ್ಲಿಯ ಗುರು "ಇವನು ಕೆಲಸ ಬಲ್ಲ" ಎಂದು ತನ್ನ ಕೈಯಾರೆ ಬರೆದುಕೊಡಬೇಕು. ಆ ಕಾಗದ ತಂದರೆ ಸಿರಾದಲ್ಲಿ ಉಣ್ಣೆ ಕೆಲಸದ ಒಂದು ಶಾಲೆ, ನಾನು ಅದರ ಮೇಷ್ಟ್ರು. ತರದಿದ್ದರೆ ಶಾಲೆಯೂ ಇಲ್ಲ, ಮೇಷ್ಟ್ರೂ ಇಲ್ಲ.

ಹೊರಡುವ ದಿನ ಈರಣ್ಣ ಬಂದಿದ್ದ. ನಾನು ಅಂಬೆಗಾಲಿಡುವಾಗಿನಿಂದ ನಮ್ಮ ಅಂಗಡಿಗೆ ಕಂಬಳಿ ಹೊತ್ತು ತರುವ ಕುರುಬರ ಈರಣ್ಣ. ಅವನು ಚೌಕಾಸಿ ಮಾಡುವಾಗ ಒಂದು ಕಣ್ಣು ಮುಚ್ಚುವುದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತೇನೆಂದರೆ ಅವನ ಹೆಂಡತಿಯೇ ಮೆಚ್ಚಿದ್ದಾಳೆ.

"ಅಪ್ಪೋ ರುದ್ರಪ್ಪ," ಎಂದ, "ಸೀಮೆ ರಗ್ಗು ಬಂದು ನಮ್ಮ ಕಂಬಳೀನ ಕೇಳೋರೇ ಇಲ್ದಂಗಾಗೈತೆ. ಅದ್ರೊಳಕ್ಕೆ ಮಳೆ ನೀರು ಇಳಿಯಾಕಿಲ್ವಂತೆ. ಅದೆಂಗೆ ಮಾಡ್ತಾರೆ ನೋಡ್ಕಂಡು ಬಾ. ಬರೀ ಅವ್ರ ಮೂತಿ ಕಲ್ತುಕೊಂಡು ಬಂದ್ಬುಟ್ಟೀಯ!"

"ಎರಡೂ ಕಲಿತು ಬರ್ತೀನಿ ಕಣೋ."

"ಮೊದ್ಲು ಬಟ್ಟೆ. ಆಮೇಲೆ ಮೂತಿ. ನಿನ್ನ ಶಾಲೆಗೆ ಮೊದ್ಲು ಬರೋನು ನಾನೇ ಕಣಪ್ಪ. ಈ ವಯಸ್ನಾಗೆ ಸ್ಲೇಟು ಹಿಡಿಸ್ಬ್ಯಾಡ, ಅಷ್ಟೆ."

ಮುಂಬಯಿ, ಆಮೇಲೆ ನೀರು

ಮುಂಬಯಿಯಲ್ಲಿ ರಹದಾರಿ ನೋಡುವ ಗುಮಾಸ್ತ ನನ್ನ ಮನೆತನದ ಹೆಸರು ಕೇಳಿದ. ನಮಗೆ ಅದಿಲ್ಲ ಎಂದೆ.

"ಇಲ್ಲ ಅಂದರೆ? ನಿನ್ನನ್ನು ಏನೆಂದು ಕೂಗುತ್ತಾರೆ?"

"ರುದ್ರಾ ಎನ್ನುತ್ತಾರೆ. ಅಪ್ಪನಿಗೆ ಸಿಟ್ಟು ಬಂದಾಗ ಬೇರೆ ಹೆಸರುಗಳಿವೆ, ಕಾಗದದಲ್ಲಿ ಬರೆಯುವಂಥವಲ್ಲ."

ಅವನಿಗೆ ನಗು ಬರಲಿಲ್ಲ. ನನ್ನ ಹೆಸರಿನ ಮುಂದಿದ್ದ ಅಕ್ಷರ ಏನೆಂದು ಕೇಳಿ, ಮಧುಗಿರಿ ಎಂದು ತಿಳಿದು, ಅದನ್ನೇ ಮನೆತನದ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದ. ಒಂದೇ ಕಲ್ಲಿನ ಅಷ್ಟು ದೊಡ್ಡ ಬೆಟ್ಟ, ಅದರ ಮೇಲಿನ ಕೋಟೆ, ಕೆಳಗಿನ ಊರು, ಊರಿನ ಅಮಲ್ದಾರರ ಸಮೇತ ನನ್ನ ತೆಳ್ಳನೆಯ ಕತ್ತಿನ ಮೇಲೆ ಬಂದು ಕೂತಿತು.

ಹಡಗಿನ ಬಗ್ಗೆ ಹೆಚ್ಚು ಹೇಳಲಾರೆ. ಮೊದಲ ಎಂಟು ದಿನ ನಾನು ಅಣಕಿಸಿದ್ದು ಒಂದನ್ನೇ, ಬೆಕ್ಕು ಹುಲ್ಲು ತಿಂದು ಕಕ್ಕುವುದನ್ನು. ಅದೂ ಬೇಕೆಂದು ಮಾಡಿದ್ದಲ್ಲ.

ಮ್ಯೂಲ್‌ಬಾಖ್

ಇಟಲಿಯಲ್ಲಿ ಇಳಿದು, ಹಿಮದ ಬೆಟ್ಟಗಳ ಹೊಟ್ಟೆಯೊಳಗೇ ರೈಲಿನಲ್ಲಿ ತೂರಿ, ಜರ್ಮನಿಯ ತೆಂಕಣ ಭಾಗದ ಮ್ಯೂಲ್‌ಬಾಖ್ ಎಂಬ ಸಣ್ಣ ಊರು ಸೇರಿದೆ. ಊರ ನಡುವೆ ಒಂದು ಹೊಳೆ. ಹೊಳೆ ಅಂದರೆ ನಮ್ಮ ಜಯಮಂಗಲಿಯಂತೆ ವರ್ಷದಲ್ಲಿ ನಾಲ್ಕು ದಿನ ನಂಟರ ಹಾಗೆ ಬಂದು ಹೋಗುವುದಲ್ಲ, ಹನ್ನೆರಡು ತಿಂಗಳೂ ಮನೆಯಳಿಯನ ಹಾಗೆ ಅಲ್ಲೇ ಬಿದ್ದಿರುವುದು.

ನಾನು ಬೆಂಗಳೂರಿನಲ್ಲಿ ನಾಲ್ಕು ತಿಂಗಳು ಕಲಿತದ್ದು ಪುಸ್ತಕದ ಜರ್ಮನ್. ಇವರು ಆಡುತ್ತಿದ್ದದ್ದು ಹಳ್ಳಿ ಜರ್ಮನ್. ಅರ್ಧ ಅಕ್ಷರ ನುಂಗುತ್ತಿದ್ದರು, ಮಿಕ್ಕರ್ಧ ಎಳೆಯುತ್ತಿದ್ದರು. ವಾರವಿಡೀ ಏನೂ ತಿಳಿಯಲಿಲ್ಲ. ಎಂಟನೆಯ ದಿನ ಇದ್ದಕ್ಕಿದ್ದಂತೆ ಕಿವಿ ತೆರೆದುಕೊಂಡಿತು. ಇದು ನಮ್ಮೂರ ಪಕ್ಕದ ಪುರವರದ ಹಳ್ಳಿ ಮಾತಲ್ಲವೇ! ಅದೇ ಎಳೆತ, ಅದೇ ಗದರಿಕೆ, ಅದೇ ಪ್ರೀತಿ. ಅದಕ್ಕೇ ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅವರಿಗೆ ಗೊತ್ತಾದರೆ ಬೇಸರಪಡುವವರಲ್ಲ.

ನಾನು ಉಳಿದದ್ದು ಹಾಫ್ನರಮ್ಮ ಎಂಬ ವಿಧವೆಯ ಮನೆಯಲ್ಲಿ. ದಪ್ಪ ಹೆಂಗಸು, ದಪ್ಪ ನಗು. ಕಿವಿ ತೆರೆದ ದಿನವೇ ನನ್ನ ಹೆಸರಿಗೆ ಅರ್ಥ ಕೇಳಿದಳು. ಜೇನಿನ ಬೆಟ್ಟ ಎಂದೆ. ಸಂಜೆಯ ಹೊತ್ತಿಗೆ ಬೀದಿಯವರೆಲ್ಲ ಜೇನುಬೆಟ್ಟ ಬಂದ, ಜೇನುಬೆಟ್ಟ ಹೋದ ಎನ್ನುತ್ತಿದ್ದರು.

"ನಿಮ್ಮ ಹೆಸರಿಗೇನಮ್ಮ ಅರ್ಥ?"

"ಹಾಫ್ನರ್ ಅಂದ್ರೆ ಮಡಕೆ ಮಾಡೋನು ಕಣಪ್ಪ."

"ಓಹೋ, ಕುಂಬಾರರು! ಹಾಗಾದರೆ ನಿಮ್ಮ ಯಜಮಾನರು ಮಡಕೆ ಮಾಡುತ್ತಿದ್ದರು."

"ಮಡಕೆ ಒಡೀತಿದ್ದ. ಕೆಲಸ ಟಪಾಲು ಹಂಚೋದು. ಆ ಹೆಸರು ಯಾವ ತಾತನ ಕಾಲದ್ದೋ. ಪಕ್ಕದ ಮನೆ ಯಾಕೋಬನ ಮನೆತನ ವೇಬರ್, ಅಂದ್ರೆ ನೇಕಾರ. ಮಗ್ಗ ಎತ್ಲಾಗೆ ಮೂತಿ ಮಾಡಿರ್ತದೆ ಅಂತ ಅವನಿಗೆ ಗೊತ್ತಿಲ್ಲ, ಗಾಡಿ ಹೊಡೀತಾನೆ. ಬೇಕರ್ ಅಂದ್ರೆ ರೊಟ್ಟಿ ಸುಡೋನು, ಈ ಊರಿನ ಬೇಕರು ಹಲ್ಲು ಕೀಳ್ತಾನೆ."

ನನಗೆ ಖುಷಿಯಾಯಿತು. ಗೌಡಿಕೆ ಹೋಗಿ ಮೂರು ತಲೆಮಾರಾದರೂ ಗೌಡ ಎನಿಸಿಕೊಳ್ಳುವವರು, ಲೆಕ್ಕ ಬಾರದ ಶಾನುಭೋಗರು ನಮ್ಮಲ್ಲೂ ಇದ್ದಾರಲ್ಲ. ಹೆಸರು ಅಂದರೆ ತಾತನ ಅಂಗಿ, ತೋಳು ಉದ್ದವಾದರೂ ತೊಡಬೇಕು.

"ಹೆಸರು ಹೇಳಿದ ಕೆಲಸ ಮಾಡೋನು ಈ ಊರಾಗೆ ಒಬ್ನೇ" ಎಂದಳು ಹಾಫ್ನರಮ್ಮ. "ನೀನು ಕೆಲಸ ಕಲಿಯೋಕೆ ಹೋಗ್ತೀಯಲ್ಲ, ಆ ಮುದ್ಕ. ವಾಲ್ಕರ್."

ನನ್ನ ಕೋಣೆಯ ಬಾಗಿಲಿಗೆ ಎರಡನೆಯ ವಾರ ಒಂದು ಮರದ ಫಲಕ ನೇತುಹಾಕಿದ್ದರು. ಚಂದದ ಅಕ್ಷರ, ಹೂವಿನ ಅಂಚು. ವಿದೇಶದ ವಿದ್ಯಾರ್ಥಿಗೆ ಗೌರವ ಎಂದುಕೊಂಡು ಎರಡು ದಿನ ಎದೆ ಉಬ್ಬಿಸಿ ಓಡಾಡಿದೆ. ಮೂರನೆಯ ದಿನ ಹಾಫ್ನರಮ್ಮ ಪೊರಕೆ ತಂದು ಕೈಗಿಟ್ಟಳು. ಮೆಟ್ಟಿಲು, ಬೀದಿ ಗುಡಿಸುವ ಸರದಿ ಯಾರದೋ ಅವರ ಬಾಗಿಲಿಗೆ ಆ ಫಲಕವಂತೆ. ನಮ್ಮಲ್ಲಿ ಹೆಂಗಸರು ಫಲಕವಿಲ್ಲದೆ ಜನ್ಮವಿಡೀ ಗುಡಿಸುತ್ತಾರೆ ಎಂದು ಅಂದು ಬೀದಿಯಲ್ಲಿ ಬಗ್ಗಿ ನಿಂತಾಗ ಮೊದಲ ಸಲ ಹೊಳೆಯಿತು. ಊರಿಗೆ ಬಂದು ಅವ್ವನಿಗೆ ಹೇಳಿದೆ. "ನಾಳೆಯಿಂದ ನಿನ್ನ ಬಾಗಿಲಿಗೂ ಒಂದು ಹಾಕ್ತೀನಿ" ಎಂದಳು.

ಬಾಗಿಲ ಮುಂದಿನ ಗಡಿಗೆ

ಒಂದು ಮುಂಜಾನೆ ಬೇಗ ಎಚ್ಚರವಾಗಿ ಬಾಗಿಲು ತೆರೆದೆ. ಮೆಟ್ಟಿಲ ಮೇಲೆ ಮುಚ್ಚಳ ಹಾಕಿದ ಒಂದು ಮಣ್ಣಿನ ಗಡಿಗೆ. ಎದುರು ಮನೆಯ ಮುಂದೂ ಒಂದು, ಅದರಾಚೆಗೂ ಒಂದು. ನಮ್ಮೂರಲ್ಲಿ ಹಾಲಿನ ರಂಗಮ್ಮ ಹೀಗೇ ಸದ್ದಿಲ್ಲದೆ ಇಟ್ಟು ಹೋಗುತ್ತಾಳೆ. ಬೆಕ್ಕು ಬಾಯಿ ಹಾಕೀತೆಂದು ಒಳಗೆ ತಂದೆ. ಬರಿಯ ತರುವುದರಲ್ಲಿ ಏನು ಹೆಚ್ಚುಗಾರಿಕೆ, ಹಾಫ್ನರಮ್ಮ ಏಳುವುದರೊಳಗೆ ಕಾಯಿಸಿಯೂ ಇಟ್ಟರೆ "ಎಂಥ ಹುಡುಗ!" ಎಂದಾಳು. ಗಡಿಗೆಯನ್ನು ಹಾಗೇ ಒಲೆಯ ಮೇಲಿಟ್ಟು ಉರಿ ಎಬ್ಬಿಸಿದೆ.

ಮೊದಲು ಬಂದದ್ದು ವಾಸನೆ. ಆಮೇಲೆ ಬಂದದ್ದು ಹಾಫ್ನರಮ್ಮ, ಮಲಗುವ ಟೋಪಿಯಲ್ಲೇ.

"ಅಯ್ಯೋ ನನ್ನಪ್ಪಾ! ಅದನ್ಯಾಕ್ಲಾ ಒಲೆ ಮೇಲಿಟ್ಟೆ!"

"ಹಾಲು ಒಡೆದೀತೆಂದು ಅಮ್ಮ."

"ಹಾಲಂತೆ ಹಾಲು! ಉಚ್ಚೆ ಕಣೋ ಅದು!"

ಕಿಟಕಿಗಳನ್ನೆಲ್ಲ ತೆರೆದು, ಅವಳು ಬೈದು ನಕ್ಕು, ನಕ್ಕು ಬೈದು ಸುಸ್ತಾದ ಮೇಲೆ ವಿಷಯ ತಿಳಿಯಿತು. ಉಣ್ಣೆ ಬಟ್ಟೆಯ ಎಣ್ಣೆ ಜಿಡ್ಡು ಬಿಡಿಸಲು ಹಿಂದಿನ ಕಾಲದವರು ಹಳಸಿದ ಮೂತ್ರವನ್ನೇ ಬಳಸುತ್ತಿದ್ದರಂತೆ. ಬೇರೆ ಊರುಗಳಲ್ಲೆಲ್ಲ ಸೋಪು ಬಂದು ಎಷ್ಟೋ ವರ್ಷವಾಗಿದೆ. ವಾಲ್ಕರ್ ಅಜ್ಜನೂ ದೊಡ್ಡ ಕೆಲಸಕ್ಕೆ ಸೋಪೇ ಹಾಕುತ್ತಾನೆ. ಹಿತ್ತಲಿನ ಹಳೆಯ ತೊಟ್ಟಿಗೆ ಮಾತ್ರ ಹಳೆಯ ಪದ್ಧತಿ. ಅದಕ್ಕೆ ವಾರಕ್ಕೊಮ್ಮೆ ಮನೆಮನೆಯವರು ಗಡಿಗೆ ಇಡುತ್ತಾರೆ, ಯಾಕೋಬ ಗಾಡಿಯಲ್ಲಿ ಒಟ್ಟುಮಾಡುತ್ತಾನೆ.

"ನಮ್ಮಲ್ಲೂ ಮೂತ್ರ ಉಂಟು," ಎಂದೆ ಮಾನ ಉಳಿಸಿಕೊಳ್ಳಲು. "ಆದರೆ ಆಕಳದ್ದು. ಮನೆ ಶುದ್ಧವಾಗಲೆಂದು ಒಳಗೆಲ್ಲ ಚಿಮುಕಿಸುತ್ತೇವೆ."

ಹಾಫ್ನರಮ್ಮ ಮುಖ ಕಿವುಚಿದಳು. "ಹಸೂದಾ? ಮನೆ ಒಳಕ್ಕಾ? ಥೂ!"

ಅವಳ ಅಡಿಗೆಮನೆ ಅವಳದೇ ಗಡಿಗೆಯ ವಾಸನೆ ಹೊಡೆಯುತ್ತಿದ್ದಾಗ ನನ್ನನ್ನು ನೋಡಿ ಥೂ ಎಂದದ್ದನ್ನು ನಾನು ಎಂದೂ ಮರೆಯಲಾರೆ.

ಆ ತೊಟ್ಟಿ ಯಾಕಿದೆ ಎಂಬುದನ್ನು ಯಾಕೋಬ ಹೇಳಿದ. ಅಜ್ಜನ ಬಳಿ ಕೆಲಸ ಕಲಿಯಲು ಬಂದವರು ಯಂತ್ರ ಮುಟ್ಟುವ ಮೊದಲು ಒಂದು ಬಟ್ಟೆಯನ್ನು ಆ ತೊಟ್ಟಿಯಲ್ಲಿ ಬರಿಗಾಲಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ, ಹೊರಗೆ ಕಾಲಿಡದೆ ತುಳಿದು ಮುಗಿಸಬೇಕು. ಅವನೂ ತುಳಿದು ಸೋತು ಗಾಡಿ ಹಿಡಿದವನು. "ನಿಂಗೇನ್ಲಾ ಯೋಚ್ನೆ," ಎಂದ. "ನೀನು ದೂರದ ನೆಂಟ, ಓದಿದೋನು. ನಿಂಗೆ ತೊಟ್ಟಿ ಬ್ಯಾಡ ಅಂತ ಮುದ್ಕನೇ ಹೇಳ್ಬುಟ್ಟವ್ನೆ." ಕತ್ತಿನಲ್ಲಿದ್ದ ಲಿಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಕೊಡತಿ ಮನೆ

ಅಜ್ಜನ ಕೆಲಸದ ಮನೆ ಹೊಳೆಯ ಮೇಲೇ ಇತ್ತು. ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರ ದೊಡ್ಡ ಮರದ ಕೊಡತಿಗಳನ್ನು ಎತ್ತಿ ಬಿಡುತ್ತದೆ, ಕೊಡತಿಗಳು ಒದ್ದೆ ಬಟ್ಟೆಯ ಮೇಲೆ ಧಬ್ ಧಬ್ ಎಂದು ಬೀಳುತ್ತವೆ. ಜಾಳುಜಾಳಾಗಿ ಒಳಗೆ ಹೋದ ಬಟ್ಟೆ ಏಟು ತಿಂದು ತಿಂದು ಕುಗ್ಗಿ, ಎಳೆಗೆ ಎಳೆ ಕಚ್ಚಿಕೊಂಡು, ಎಮ್ಮೆಯ ತೊಗಲಿನ ಹಾಗೆ ದಪ್ಪವಾಗಿ ಬರುತ್ತದೆ. ಈರಣ್ಣ ಕೇಳಿದ್ದ ಗುಟ್ಟು ಇದೇ. ಎರಡು ತಿಂಗಳಲ್ಲಿ ನೀರಿನ ಬಿಸಿ ಇಷ್ಟು, ಸೋಪು ಇಷ್ಟು ಎಂದು ಮೂರು ಪುಸ್ತಕ ತುಂಬಾ ಬರೆದುಕೊಂಡೆ. ಕಾಗದ ಸಿಕ್ಕಂತೆಯೇ ಎಂದುಕೊಂಡಿದ್ದೆ.

ಅಜ್ಜನಿಗೆ ಎಪ್ಪತ್ತರ ಮೇಲಾಗಿತ್ತು. ಮಾತು ಎರಡೇ, "ನೋಡು", "ಮುಟ್ಟು". ಉದ್ದನೆಯ ಆಳು. ಅವನ ನಡಿಗೆಯನ್ನು ಏನೆಂದು ವರ್ಣಿಸಲಿ! ಕೆರೆಯಂಗಳದ ಕೊಕ್ಕರೆಯ ಹಾಗೆ ಮೊಣಕಾಲು ಎದೆಯತ್ತ ಏಳುತ್ತದೆ, ಪಾದ ಹೊರಗೆ ತಿರುಗುತ್ತದೆ, ಹಿಮ್ಮಡಿ ಮೊದಲು ಊರುತ್ತದೆ, ಆಮೇಲೆ ಬೆರಳುಗಳು ಏನನ್ನೋ ಒಳಕ್ಕೆ ಎಳೆದುಕೊಳ್ಳುತ್ತವೆ. ಸಪಾಟು ನೆಲದ ಮೇಲೆ, ಇಗರ್ಜಿಗೆ ಹೋಗುವಾಗಲೂ ಹೀಗೇ.

ಒಂದು ದಿನ ಜಾಣತನ ತೋರಿಸಹೋದೆ. "ಅಜ್ಜಾ, ಇಂಗ್ಲಿಷಿನಲ್ಲಿ ನಿಮ್ಮ ಹೆಸರಿಗೆ ನಡೆಯುವವನು ಎಂದು ಅರ್ಥ. ನಿಮ್ಮ ನಡಿಗೆಗೆ ಒಪ್ಪುತ್ತದೆ."

"ಇಂಗ್ಲಿಷ್ನೋರು ಏನಾರ ಅಂದ್ಕೊಳ್ಳಲಿ," ಎಂದ ಅಜ್ಜ, ಕೈಯಲ್ಲಿದ್ದ ಬಟ್ಟೆ ಬಿಡದೆ. "ವಾಲ್ಕನ್ ಅಂದ್ರೆ ಬಟ್ಟೆ ತುಳಿಯೋದು. ವಾಲ್ಕರ್ ಅಂದ್ರೆ ತುಳಿಯೋನು. ಈ ಕೊಡತಿ ಬರೋಕ್ಕಿಂತ ಮುಂಚೆ ಎಲ್ಲಾ ಕಾಲಲ್ಲೇ. ನಮ್ಮ ತಾತನ ತಾತನ ಕಾಲು ಮಾಡಿದ್ದೇ ನಮ್ಮ ಹೆಸರು." ಅವನ ಬಾಯಿಂದ ಅಷ್ಟು ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಊರ ಪುಸ್ತಕಶಾಲೆಯ ದಪ್ಪ ನಿಘಂಟಿನಲ್ಲಿ ಹುಡುಕಿದೆ. ಮುದುಕ ಹೇಳಿದ್ದು ಸರಿ. ಬಹಳ ಹಳೆಯ ಕಾಲದಲ್ಲಿ ಆ ಮಾತಿಗೆ ಉರುಳಿಸು, ಹೊರಳಿಸು ಎಂದು ಅರ್ಥವಂತೆ. ಜರ್ಮನರಲ್ಲಿ ಅದು ಬಟ್ಟೆಯನ್ನು ಹೊರಳಿಸಿ ತುಳಿಯುವುದಕ್ಕೆ ನಿಂತಿತು. ಇಂಗ್ಲಿಷರಲ್ಲೂ ವಾಕರ್ ಎಂಬ ಮನೆತನದವರು ಮೊದಲು ಬಟ್ಟೆ ತುಳಿಯುವವರೇ. ಆಮೇಲೆ ಅವರ ಕಾಲ ಕೆಳಗಿನಿಂದ ಬಟ್ಟೆ ಯಾವಾಗಲೋ ಜಾರಿಹೋಗಿದೆ, ಬರಿಯ ನಡಿಗೆ ಉಳಿದಿದೆ.

ಇಷ್ಟು ತಿಳಿದ ಮೇಲಾದರೂ ಸುಮ್ಮನಿರಬಹುದಿತ್ತು. ಶನಿವಾರ ಮಧ್ಯಾಹ್ನ ಕೊಡತಿ ನಿಲ್ಲಿಸಿ ಎಲ್ಲರೂ ರೊಟ್ಟಿ ತಿನ್ನುತ್ತಿದ್ದಾಗ ಯಾಕೋಬ ಚಿವುಟಿದ. "ಲೇ ಜೇನುಬೆಟ್ಟ, ಪೊಲೀಸಿನೋನ್ನ ಮಾಡ್ದೆ, ಪಾದ್ರೀನ ಮಾಡ್ದೆ. ಮುದ್ಕನ್ನ ಮಾಡೋಕೆ ಧೈರ್ಯ ಇಲ್ವಾ?"

ಧೈರ್ಯದ ಮಾತು ಬಂದರೆ ನನಗೆ ತಡೆಯುವುದಿಲ್ಲ. ಎದ್ದು ನಿಂತು ಮೊಣಕಾಲು ಎತ್ತಿದೆ. ಈ ಗೋಡೆಯಿಂದ ಆ ಗೋಡೆಗೆ ಕೊಕ್ಕರೆ ನಡೆಯಿತು. ನಡುವೆ ನಿಂತು ಇಲ್ಲದ ಬಟ್ಟೆಯನ್ನು ಹಿಡಿದು "ಮುಟ್ಟು" ಎಂದಿತು. ಯಾಕೋಬ ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮಿದ. ಇನ್ನೊಂದು ಸುತ್ತು ತಿರುಗುವಷ್ಟರಲ್ಲಿ ನಗು ನಿಂತಿತು. ಒಬ್ಬರಲ್ಲ, ಎಲ್ಲರದೂ ಒಟ್ಟಿಗೆ. ಬಾಗಿಲಲ್ಲಿ ಅಜ್ಜ ನಿಂತಿದ್ದ.

ಕ್ಷಮೆ ಕೇಳಲು ಪುಸ್ತಕದ ಜರ್ಮನ್ ಹುಡುಕಿದೆ.

"ಇನ್ನೊಂದ್ಸಲ ಮಾಡು" ಎಂದ ಅಜ್ಜ.

"ಬೇಡ ಅಜ್ಜಾ..."

"ಮಾಡ್ಲಾ."

ಮಾಡಿದೆ. ನಗುವವರಿಲ್ಲದೆ ಅಣಕಿಸುವುದು ಎಷ್ಟು ಕಷ್ಟವೆಂದು ಆ ಹತ್ತು ಹೆಜ್ಜೆಯಲ್ಲಿ ತಿಳಿಯಿತು. ಅಜ್ಜ ನನ್ನ ಕಾಲನ್ನೇ ನೋಡುತ್ತಿದ್ದ.

"ಎಡಗಾಲು ತೆಪ್ಪು" ಎಂದ. ಆಮೇಲೆ ನನ್ನ ಮುಖಕ್ಕೆ ಕಣ್ಣೆತ್ತಿ, "ನೆಂಟರು ನಮ್ಮನ್ನ ಆಡ್ಕೊಳಾಕಿಲ್ಲ. ಕಲಿಯೋ ಹುಡುಗ್ರು ಆಡ್ಕೊಳ್ತಾರೆ. ಇವತ್ತಿಂದ ನೀನು ನೆಂಟ ಅಲ್ಲ. ಸೋಮವಾರ ಆರು ಗಂಟೆಗೆ ತೊಟ್ಟಿಗೆ ಬಾ. ಬಟ್ಟೆ ಸರಿ ಬಂದ್ರೆ ಇರು. ಬರ್ದಿದ್ರೆ ಮಂಗಳವಾರದ ರೈಲು ಹತ್ತು."

ತೊಟ್ಟಿ

ಭಾನುವಾರವೆಲ್ಲ ಹಾಫ್ನರಮ್ಮ ನನಗೆ ಒತ್ತುಶಾವಿಗೆಯಂಥ ಒಂದು ತಿಂಡಿಯನ್ನು ಬಡಿಸಿ ಬಡಿಸಿ ಕೊಂದಳು, ವಧಾಸ್ಥಾನಕ್ಕೆ ಹೊರಟವನಿಗೆ ಬಡಿಸುವ ಹಾಗೆ. ನನಗೆ ಕಣ್ಣ ಮುಂದೆ ಬರುತ್ತಿದ್ದದ್ದು ಸಿರಾದ ಶಾಲೆ. ಕಟ್ಟುವ ಮೊದಲೇ ಬಿದ್ದುಹೋಗುತ್ತಿದ್ದ ಶಾಲೆ. ಅದರ ಬಾಗಿಲಲ್ಲಿ ಒಂದು ಕಣ್ಣು ಮುಚ್ಚಿ ನಿಂತ ಈರಣ್ಣ.

ಸೋಮವಾರ ಆರಕ್ಕೆ ಷರಾಯಿಯನ್ನು ತೊಡೆಯವರೆಗೆ ಮಡಿಸಿ, ಲಿಂಗದ ದಾರವನ್ನು ಆದಷ್ಟು ಮೇಲಕ್ಕೆ ಕಟ್ಟಿ, "ಸ್ವಾಮೀ, ಇವತ್ತೊಂದು ದಿನ ಮೂಗು ಮುಚ್ಚಿಕೋ" ಎಂದು ಬೇಡಿ ಇಳಿದೆ. ಬಿಸಿನೀರು, ಜೇಡಿಮಣ್ಣು, ಮತ್ತು ಬೀದಿಯವರೆಲ್ಲರ ಕೊಡುಗೆ. ಕೆಳಗೆ ಬಿಳಿಯ ಉಣ್ಣೆ ಬಟ್ಟೆ. ತೊಟ್ಟಿಯ ಅಂಚಿನಲ್ಲಿ ಎರಡು ಮೊಳೆ. ಸಂಜೆಯೊಳಗೆ ಬಟ್ಟೆಯ ಅಗಲ ಆ ಮೊಳೆಗಳ ನಡುವೆ ಕುಗ್ಗಬೇಕು. ಅಜ್ಜ ಸ್ಟೂಲು ಹಾಕಿಕೊಂಡು ಎದುರಿಗೆ ಕೂತ.

ಮೊದಲ ಗಂಟೆ ಸಿಪಾಯಿಯ ಹಾಗೆ ಕವಾಯತು ಮಾಡಿದೆ. ಎರಡನೆಯ ಗಂಟೆ ನಮ್ಮ ಕಡೆ ಮಣ್ಣಿನ ಗೋಡೆಗೆ ಕೆಸರು ತುಳಿಯುವವರ ಹಾಗೆ ತುಳಿದೆ. ಆಮೇಲೆ ಓಡಿದೆ, ಕುಣಿದೆ, ಒಂದು ಸಲ ಬಿದ್ದೆ. ಬಿದ್ದಾಗ ಬಾಯಿ ಮುಚ್ಚಿತ್ತೋ ತೆರೆದಿತ್ತೋ ಎಂದು ಮಧುಗಿರಿಯಲ್ಲಿ ಯಾರೂ ಕೇಳಬೇಡಿ. ಬಟ್ಟೆ ಮಾತ್ರ ಒಂದೇ ಮೂಲೆಗೆ ಹೋಗಿ ಮುದ್ದೆಯಾಗಿ ಕೂರುತ್ತಿತ್ತು. ಕೈಹಾಕುವಂತಿಲ್ಲ, ಕಾಲಲ್ಲೇ ಬಿಡಿಸಬೇಕು. ಬಿಡಿಸುವಷ್ಟರಲ್ಲಿ ಇನ್ನೊಂದು ಮುದ್ದೆ.

ಮಧ್ಯಾಹ್ನದ ಗಂಟೆ ಹೊಡೆಯಿತು. ಅಂಚಿನ ಮೊಳೆ ನೋಡಿದೆ. ಬಟ್ಟೆ ಒಂದು ಗೇಣೂ ಕುಗ್ಗಿರಲಿಲ್ಲ. ಅಜ್ಜ ಒಂದು ತುಂಡು ರೊಟ್ಟಿ ನೀಡಿದ. ನೀಡುತ್ತ ಕೇಳಿದ, "ನಿಮ್ಮೂರಾಗೆ ಕಂಬಳಿ ಅಂತೀಯಲ್ಲ. ಅದನ್ನ ಯಾರು ತುಳೀತಾರೆ?"

"ಈರಣ್ಣ ಅಂತ ಒಬ್ಬ. ಹಳ್ಳದ ಬಂಡೆಯ ಮೇಲೆ ತುಳಿಯುತ್ತಾನಂತೆ."

"ಎಂಗೆ ತುಳೀತಾನೆ?"

ಬಾಯಿ ತೆರೆದೆ. ಅವನು ಚೌಕಾಸಿ ಮಾಡುವುದು ಬರುತ್ತಿತ್ತು. ಎಲೆಯಡಿಕೆ ಜಗಿಯುವುದು, ನಮ್ಮಪ್ಪನಿಗೆ ಕೈಮುಗಿಯುವುದು, ಬೆನ್ನು ತಿರುಗಿಸಿ ಬೈಯುವುದು, ಎಲ್ಲ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಅವನ ಮೂತಿ ನೋಡಿದ್ದೆ. ಅವನ ಕಾಲು ನೋಡಿರಲಿಲ್ಲ.

"ನೋಡಿಲ್ಲ" ಎಂದೆ.

ಅಜ್ಜ ಮುಖವನ್ನು ಹೊಳೆಯ ಕಡೆ ತಿರುಗಿಸಿಕೊಂಡ, ಅಷ್ಟೆ. ಬೈದಿದ್ದರೆ ಆ ಬೈಗುಳವನ್ನಾದರೂ ಕಲಿತುಕೊಳ್ಳುತ್ತಿದ್ದೆ.

ನನಗೆ ಬರುವ ವಿದ್ಯೆ ಒಂದೇ. ಹೇಗಿದ್ದರೂ ನಾಳೆ ರೈಲು ಹತ್ತುವವನು, ಇನ್ನೇನು ಹೆದರಿಕೆ ಎಂದುಕೊಂಡೆ. ಅಜ್ಜ ಆ ಕಡೆ ನೋಡುತ್ತಿದ್ದಾಗಲೇ ಮೊಣಕಾಲನ್ನು ಎದೆಯತ್ತ ಎತ್ತಿದೆ, ಅವನ ಹಾಗೆ. ಒದ್ದೆ ಉಣ್ಣೆ ಕೆಸರಿನ ಹಾಗೆ ಕಾಲನ್ನು ಹಿಡಿದುಕೊಳ್ಳುತ್ತದೆ, ಅಷ್ಟು ಎತ್ತಿದರೆ ಮಾತ್ರ ಬಿಡುತ್ತದೆ. ಅರೆರೆ! ಪಾದವನ್ನು ಹೊರಗೆ ತಿರುಗಿಸಿ ಹಿಮ್ಮಡಿ ಊರಿದೆ. ಮುದ್ದೆ ಒಡೆಯಿತು. ಬೆರಳು ಒಳಕ್ಕೆ ಎಳೆದೆ. ಬಟ್ಟೆ ನನ್ನ ಕಡೆಗೆ ಬಂತು, ಕರೆದರೆ ಬರುವ ಕರುವಿನ ಹಾಗೆ.

ಬಲಗಾಲು ಸರಿಯಾಯಿತು, ಎಡಗಾಲು ಕೆಟ್ಟಿತು. ಶನಿವಾರ ಮುದುಕ ಹೇಳಿದ್ದು ಇದೇ. ಕಣ್ಣು ಮುಚ್ಚಿ ಅವನು ಇಗರ್ಜಿಗೆ ಹೋಗುವುದನ್ನು ನೆನೆಸಿಕೊಂಡೆ. ಎಡಗಾಲು ಊರಿದ ಮೇಲೆ ಒಂದು ಸಣ್ಣ ತಿರುವು, ಹುಣಸೆಬೀಜವನ್ನು ಹಿಮ್ಮಡಿಯಲ್ಲಿ ಒರೆಯುವ ಹಾಗೆ. ನಾನು ಅದನ್ನು ಮುದಿತನದ ನೋವು ಎಂದುಕೊಂಡು ಬಿಟ್ಟುಬಿಟ್ಟಿದ್ದೆ. ಸೇರಿಸಿದೆ. ಬಟ್ಟೆ ತೊಟ್ಟಿಯಲ್ಲಿ ನಿಧಾನವಾಗಿ ತಾನೇ ಸುತ್ತತೊಡಗಿತು.

ಆಮೇಲೆ ಹೊತ್ತು ಹೋದದ್ದು ಗೊತ್ತಾಗಲಿಲ್ಲ. ಪಚಪಚ ಎನ್ನುತ್ತಿದ್ದ ಸದ್ದು ಧಪ್ ಧಪ್ ಎಂದು ಗಟ್ಟಿಯಾಯಿತು. ಯಾಕೋಬ ಗಾಡಿ ನಿಲ್ಲಿಸಿ ಇಣುಕಿದ. ಎದುರಿಗೆ ಅಜ್ಜ ಕೂತಿರುವಾಗಲೇ ನಾನು ಮತ್ತೆ ಅವನನ್ನು ಆಡಿಕೊಳ್ಳುತ್ತಿದ್ದೇನೆ ಎಂದುಕೊಂಡನೋ ಏನೋ, ನಗಲು ಬಾಯಿ ತೆರೆದವನು ತೊಟ್ಟಿಯೊಳಗೆ ನೋಡಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಜ್ಜ ಯಾವಾಗ ಈ ಕಡೆ ತಿರುಗಿದನೋ ನಾನು ಕಾಣೆ.

ಸಂಜೆ

ಇಗರ್ಜಿಯ ಗಂಟೆ ಹೊಡೆಯಿತು. ಅಜ್ಜನೂ ಯಾಕೋಬನೂ ಬಟ್ಟೆಯನ್ನು ಎಳೆದು, ಹೊಳೆಯಲ್ಲಿ ಜಾಲಿಸಿ, ಗಟ್ಟಿಯಾಗಿ ಹಿಂಡಿ, ಕಲ್ಲಿನ ಮೇಜಿನ ಮೇಲೆ ಹರಡಿದರು. ಅಗಲ ಸರಿಯಾಗಿ ಮೊಳೆಗೆ ಮೊಳೆ. ಅಜ್ಜ ಒಂದು ತುದಿಯ ಮೇಲೆ ಚೊಂಬಿನಿಂದ ನೀರು ಸುರಿದ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಗುಂಡಗೆ ನಿಂತು, ಆಡಿ, ಜಾರಿತು. ಹೋದ ಜೀವ ಬಂದಂತಾಯಿತು.

ಅಜ್ಜ ಆಚೆ ತುದಿಗೆ ಹೋದ. ಕೈಯಾಡಿಸಿದ. ಅಲ್ಲೂ ಬಟ್ಟೆ ದಪ್ಪವಾಗಿತ್ತು. ಆದರೆ ಬೆಳಿಗ್ಗೆ ನಾನು ಮುದ್ದೆ ಮಾಡಿ ಮಾಡಿ ತುಳಿದಿದ್ದ ಸುಕ್ಕುಗಳೆಲ್ಲ ಒಳಗೇ ಕಚ್ಚಿಕೊಂಡು ಮುದಿಹಸುವಿನ ಕತ್ತಿನ ಹಾಗೆ ಗೆರೆಗೆರೆಯಾಗಿ ನಿಂತಿದ್ದವು. ಉಣ್ಣೆ ಒಮ್ಮೆ ಕಚ್ಚಿಕೊಂಡರೆ ಮುಗಿಯಿತು. ಯಾವ ಇಸ್ತ್ರಿಗೂ ಬಗ್ಗುವುದಿಲ್ಲ, ಯಾವ ದೇವರಿಗೂ ಬಗ್ಗುವುದಿಲ್ಲ.

"ಇದು ಹಾಳು" ಎಂದ ಅಜ್ಜ.

ಸರಿಯೆಂದು ತಲೆಯಾಡಿಸಿದೆ. ಬೂಟುಗಳನ್ನು ಕೈಯಲ್ಲಿ ಹಿಡಿದು ಬಾಗಿಲ ಕಡೆ ಹೊರಟೆ. ಈರಣ್ಣನಿಗೆ ಏನು ಹೇಳಲಿ? ಅರ್ಧ ಕಲಿತೆ ಎಂದರೆ ಅವನು ಅರ್ಧ ಶಾಲೆಗೆ ಬಂದಾನೆಯೇ?

"ಎತ್ಲಾಗ್ಲಾ ಹೊಂಟೆ?"

"ಸಾಮಾನು ಕಟ್ಟಲು ಅಜ್ಜಾ. ನಾಳೆ ರೈಲು."

ಅಜ್ಜ ಬಟ್ಟೆಯ ಎರಡು ತುದಿಗಳನ್ನೂ ಎರಡು ಕೈಯಲ್ಲಿ ಹಿಡಿದು ಎತ್ತಿದ. "ಈ ಬಟ್ಟೇನ ಇಬ್ರು ತುಳಿದವ್ರೆ," ಎಂದ. "ಬೆಳಿಗ್ಗೆ ಯಾವನೋ ತುಳಿದನಲ್ಲ, ಅವನನ್ನ ರೈಲು ಹತ್ಸು. ಮಧ್ಯಾಹ್ನದಿಂದ ತುಳಿದೋನು ನಾಳೆ ಆರು ಗಂಟೆಗೆ ಬರ್ಲಿ. ಬೇರೆ ಬಟ್ಟೆ ಹಾಕಿರ್ತೀನಿ."

ಯಾಕೋಬ ಟೋಪಿಯನ್ನು ಮೇಲಕ್ಕೆ ಎಸೆದ. ನಾನು ಬರಿಗಾಲಲ್ಲಿ, ಊರಿನ ಅಷ್ಟೂ ಮನೆಗಳ ವಾಸನೆ ಹೊತ್ತುಕೊಂಡು ನಿಂತೇ ಇದ್ದೆ. ಅಜ್ಜ ದೀಪ ಹಚ್ಚಲು ಕೊಕ್ಕರೆಯ ಹೆಜ್ಜೆ ಹಾಕುತ್ತ ಒಳಗೆ ಹೊರಟವನು ತಿರುಗಿ ನೋಡದೆಯೇ ಹೇಳಿದ:

"ಈ ಸಲ ಬೆಳಿಗ್ಗೆಯಿಂದ್ಲೇ ನನ್ನ ಅಣಕ್ಸು."